ಬುಕ್ ಪೋಸ್ಟಿನಲ್ಲಿ ಸ್ವಂತ ಮಾತು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ತಕ್ಕಡಿ ಇದೆ. ಜೀರಿಗೆ, ಗಸಗಸೆ ತೂಗುವುದಕ್ಕೆ ಇಟ್ಟುಕೊಂಡಿದ್ದೇನೆ ಎಂದು ಬಂದವರು ತಿಳಿಯುತ್ತಾರೆ. ತೂಗುವುದೂ ಉಂಟು. ಆದರೆ ಅದು ಹುಟ್ಟಿನಿಂದ ಕಾಗದ ತೂಗುವ ತಕ್ಕಡಿ. ಅಂಗೈಯಗಲದ ಒಂದು ತಟ್ಟೆ, ಅದರ ಕೆಳಗೆ ಗಡಿಯಾರದಂಥ ಮುಖ, ಮುಖದ ಮೇಲೆ ಒಂದೇ ಒಂದು ಮುಳ್ಳು. ಇಪ್ಪತ್ತು ಗ್ರಾಮಿನ ಗೆರೆಯ ಪಕ್ಕದಲ್ಲಿ ಯಾರೋ ಉಗುರುಬಣ್ಣದ ಚುಕ್ಕೆ ಇಟ್ಟಿದ್ದಾರೆ. ಯಾರೋ ಏನು, ನಾನೇ ಇಟ್ಟದ್ದು. ಆ ಚುಕ್ಕೆ ದಾಟಿದ ಲಕೋಟೆಗೆ ಐದು ರೂಪಾಯಿಯ ಅಂಚೆಚೀಟಿ ಸಾಲದು, ಇನ್ನೊಂದು ಹಚ್ಚಬೇಕು. ಹದಿನಾಲ್ಕು ವರ್ಷ ನಾನು ಆ ಚುಕ್ಕೆಯನ್ನು ನೋಡಿಕೊಂಡು ಅನ್ನ ತಿಂದವಳು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಎಂದರೆ ನೆಂಟರ ಕಣ್ಣು ಅಗಲವಾಗುತ್ತಿತ್ತು. "ಕಂಪ್ಯೂಟರ್ರಾ?" ಎಂದು ಕೇಳುವರು. "ಅಲ್ಲ, ಅಂಚೆಚೀಟಿ" ಎಂದರೆ ಅಗಲವಾದ ಕಣ್ಣು ಮತ್ತೆ ಕಿರಿದಾಗುತ್ತಿತ್ತು. ಗಾಜಿನ ಕಟ್ಟಡಗಳು ಏಳುವುದಕ್ಕೆ ಮೊದಲಿನಿಂದಲೂ ಅಲ್ಲಿದ್ದ, ಸ್ವಿಚ್ಚು ಮತ್ತು ರಿಲೇ ಮಾಡುವ ಒಂದು ಹಳೆಯ ಕಾರ್ಖಾನೆ ನಮ್ಮದು. ಅದರ ಡಿಸ್ಪ್ಯಾಚ್ ವಿಭಾಗ ಎಂದರೆ ನಾನು, ಒಂದು ಮೇಜು, ಈ ತಕ್ಕಡಿ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ನೆನೆದ ಸ್ಪಂಜು ಮತ್ತು ಗೋಂದಿನ ಬಾಟಲಿ. ಆಮೇಲೆ ಕೊರಿಯರ್ ಬಂತು, ಇ-ಮೇಲ್ ಬಂತು, ನನ್ನನ್ನು ಸ್ಟೋರಿಗೆ ಹಾಕಿದರು. ತಕ್ಕಡಿಯನ್ನು ಗುಜರಿಗೆ ಹಾಕುವವರಿದ್ದರು. ಕೇಳಿ ಮನೆಗೆ ತಂದೆ.

ಅಂಚೆಯ ಕಾನೂನು ನನಗೆ ಬಾಯಿಪಾಠ. ಕಾರ್ಡಿಗೆ ಐವತ್ತು ಪೈಸೆ, ಎಲ್ಲರೂ ಓದಬಹುದು. ಇನ್ಲ್ಯಾಂಡಿಗೆ ಎರಡೂವರೆ ರೂಪಾಯಿ, ಒಳಗೆ ಒಂದು ನೂಲಿನ ಎಳೆಯನ್ನೂ ಇಡುವಂತಿಲ್ಲ. ಲಕೋಟೆಗೆ ಐದು ರೂಪಾಯಿ, ಅಂಟಿಸಿಕೊಳ್ಳಿ, ಒಳಗೆ ಏನು ಬೇಕಾದರೂ ಅತ್ತುಕೊಳ್ಳಿ, ಸರ್ಕಾರ ಕೇಳುವುದಿಲ್ಲ. ಬುಕ್ ಪೋಸ್ಟು ಮಾತ್ರ ಬೇರೆ ಜಾತಿ. ಅಚ್ಚಾದದ್ದಕ್ಕೆ ಮಾತ್ರ ಆ ದರ. ದರ ಕಡಿಮೆ, ಆದ್ದರಿಂದ ಅನುಮಾನ ಜಾಸ್ತಿ. ಲಕೋಟೆಯ ಬಾಯಿ ತೆರೆದೇ ಇರಬೇಕು, ಅಂಚೆಯವರು ಎಳೆದು ನೋಡುವಂತಿರಬೇಕು, ಒಳಗೆ ಸ್ವಂತ ಮಾತು ಇರಬಾರದು. ಈ ಕೊನೆಯ ಮಾತನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗುತ್ತಿದ್ದೆ.

ಈ ಕಾನೂನಿನ ಹುಚ್ಚು ಚಿಕ್ಕಂದಿನದು. ನಮ್ಮೂರು ಚಂದಾಪುರದಿಂದ ಆನೇಕಲ್ಲಿನ ಕಡೆಗೆ ಎರಡು ಮೈಲಿ. ಆಗ ಸುತ್ತ ರಾಗಿ ಹೊಲ. ಪೋಸ್ಟಿನವರ ಸೈಕಲ್ಲು ಕೆರೆ ಏರಿಯ ಮೇಲೆ ಕಂಡರೆ ನಾವು ಮಕ್ಕಳು ಓಡುತ್ತಿದ್ದೆವು. ಓದಲು ಬರುವ ಮೊದಲೇ ಕಾಗದದ ಜಾತಿ ಗುರುತಿಸಲು ಕಲಿತಿದ್ದೆ. ನಾಲ್ಕು ಮೂಲೆಗೆ ಅರಿಶಿನ ಇದ್ದರೆ ಮದುವೆ. ಕಾರ್ಡಿನ ಮೂಲೆ ಹರಿದಿದ್ದರೆ ಸಾವು, ಅದನ್ನು ಮನೆಯೊಳಗೆ ತರುವಂತಿಲ್ಲ, ಬಾಗಿಲಲ್ಲೇ ಓದಿಸಿಕೊಂಡು ಅಪ್ಪ ಅಲ್ಲಿಂದಲೇ ತಲೆಗೆ ನೀರು ಹಾಕಿಕೊಳ್ಳಲು ಹೋಗುತ್ತಿದ್ದರು. ನೀಲಿ ಇನ್ಲ್ಯಾಂಡನ್ನು ಅವರು ಎಂದೂ ಸರಿಯಾದ ಕಡೆ ಬಿಡಿಸಿದವರಲ್ಲ. ಯಾವುದೋ ಅಂಚಿಗೆ ಬೆರಳು ತೂರಿಸಿ ಎಳೆದರೆ ಅತ್ತೆಯ ಯೋಗಕ್ಷೇಮ ಎರಡು ತುಂಡಾಗುತ್ತಿತ್ತು. ತುಂಡುಗಳನ್ನು ಜೋಡಿಸಿ ಹಿಡಿದುಕೊಳ್ಳುವುದು ನನ್ನ ಕೆಲಸ. ಅಂಚೆಗೆ ಸಂಬಂಧಪಟ್ಟ ನನ್ನ ಮೊದಲ ಹುದ್ದೆ ಅದು.

ಹೀಗೇ ಹೇಳುತ್ತಾ ಹೋದರೆ ತಕ್ಕಡಿ ಗೂಡಿನಲ್ಲೇ ಉಳಿದುಬಿಡುತ್ತದೆ. ನಾನು ಹೇಳಹೊರಟದ್ದು ನೀಲವ್ವನ ವಿಷಯ.

ಅಪ್ಪ ರಾಗಿ ಹೊಲದ ಒಂದು ಮಗ್ಗುಲಿಗೆ ಆರು ಶೀಟಿನ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಮೂಲೆಯ ರೂಮಿಗೆ ಹುನಗುಂದದ ಕಡೆಯ ಒಬ್ಬ ಗಾರೆ ಮೇಸ್ತ್ರಿ, ಹೆಂಡತಿ, ತಂಗಿ ಬಂದರು. ಆ ತಂಗಿ ನೀಲವ್ವ. ಇಪ್ಪತ್ತೊಂದು ವರ್ಷ, ಏಳನೇ ತರಗತಿ, ಮೂಗಿನ ಎರಡೂ ಕಡೆ ನತ್ತು. ನಮ್ಮ ಕಾರ್ಖಾನೆಯ ಪ್ಯಾಕಿಂಗಿಗೆ ನಾನೇ ಹೇಳಿ ಸೇರಿಸಿದೆ. ಬೆಲೆಪಟ್ಟಿ ಕಳಿಸುವ ತಿಂಗಳಲ್ಲಿ ನನ್ನ ಮೇಜಿಗೆ ಅವಳನ್ನು ಕೊಡುತ್ತಿದ್ದರು. ನಾನು ಒಂದು ಹಾಳೆ ಮಡಚುವಷ್ಟರಲ್ಲಿ ಅವಳು ಮೂರು ಮಡಚಿ, ನನ್ನದನ್ನೂ ಕಿತ್ತುಕೊಂಡು ಸರಿಮಾಡಿ ಇಡುವಳು. ಮಡಚುತ್ತಾ ಮಾತು. ಅವಳ ಮಾತು ಕೇಳುವುದಕ್ಕೆಂದೇ ನಾನು ನಿಧಾನ ಮಾಡುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬಹುದು. ನನಗೆ ಒಡಹುಟ್ಟಿದವರಿಲ್ಲ. ಬೆಳಗ್ಗೆ ಏಳೂಕಾಲಿನ ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಟಿಫಿನ್ ಚೀಲ ಇಟ್ಟು ಇನ್ನೊಬ್ಬರಿಗಾಗಿ ಜಾಗ ಹಿಡಿಯುವುದು ಎಷ್ಟು ಸುಖ ಎಂಬುದು ನನಗೆ ಇಪ್ಪತ್ತೆಂಟನೆಯ ವರ್ಷದಲ್ಲಿ ಗೊತ್ತಾಯಿತು.

ಒಂದು ದಿನ ಅವಳು ಕಂಪನಿಯ ಕ್ಯಾಲೆಂಡರೊಂದನ್ನು ಸುರುಳಿ ಸುತ್ತಿ, ತಾಯಿಯ ವಿಳಾಸ ಬರೆದು ನನ್ನ ಮೇಜಿಗೆ ತಂದಳು. ನಾನು ಅಭ್ಯಾಸಬಲದಿಂದ ಒಂದು ತುದಿಯಿಂದ ಇಣುಕಿದೆ. ಒಳಗೆ ಮಡಚಿದ ಚೀಟಿ.

"ನೀಲವ್ವ, ಇದೇನು?"

"ನಮ್ಮವ್ವಗ ಎರಡ ಸಾಲ ಬರದೀನಿ ಅಕ್ಕಾ."

"ಬುಕ್ ಪೋಸ್ಟಲ್ಲಿ ಕಾಗದ ಇಡೋ ಹಾಗಿಲ್ಲ ಕಣೇ. ಅಚ್ಚಾಗಿರೋದು ಮಾತ್ರ ಹೋಗ್ಬೇಕು."

"ಎರಡ ಸಾಲಿಗೆ ತೂಕ ಏನ್ ಹೆಚ್ಚಾಗಂಗಿಲ್ಲಲ್ಲ? ಬೇಕಾರ ತೂಗಿ ನೋಡ್ರಿ."

"ತೂಕದ ಮಾತಲ್ಲ. ಸ್ವಂತ ಮಾತಿಗೆ ಬೇರೆ ರೇಟು."

ಅವಳಿಗೆ ನಗು ಬಂತು. "ನಿಮ್ಮ ಸರಕಾರ ಭಾಳ ಶಾಣ್ಯಾ ಐತಿ ಬಿಡ್ರಿ," ಅಂದಳು. ನಾನು ಚೀಟಿ ತೆಗೆದು ಬೇರೆ ಲಕೋಟೆಗೆ ಹಾಕಿ, ನನ್ನದೇ ಅಂಚೆಚೀಟಿ ಹಚ್ಚಿ, ಎರಡನ್ನೂ ಬೇರೆಬೇರೆಯಾಗಿ ಕಳಿಸಿದೆ. ಧರ್ಮಕಾರ್ಯ ಮಾಡಿದ ಸಮಾಧಾನ ಆ ಸಂಜೆಯವರೆಗೂ ಇತ್ತು.

ನನಗೆ ಒಂದು ವಾರಪತ್ರಿಕೆಯ ಚಟವಿತ್ತು. ಚಂದಾಪುರದ ಬಸ್ ನಿಲ್ದಾಣದಲ್ಲಿ ಕೊಂಡು, ಓದಿ, ಧಾರಾವಾಹಿಯ ಪುಟಗಳನ್ನು ಹರಿದಿಟ್ಟು, ಕತೆ ಮುಗಿದ ಮೇಲೆ ಹೊಲಿಸಿ ರಟ್ಟು ಹಾಕಿಸುತ್ತಿದ್ದೆ. ಆ ಕಾಲದಲ್ಲಿ ನಮ್ಮಂಥ ಎಷ್ಟೋ ಹೆಂಗಸರ ಮನೆಯ ಲೈಬ್ರರಿ ಹೀಗೇ ಆದದ್ದು. ಅದೇ ಪತ್ರಿಕೆಯನ್ನು ನೀಲವ್ವ ಮಧ್ಯಾಹ್ನದ ಊಟದ ಹೊತ್ತಿಗೆ ಗಟ್ಟಿಯಾಗಿ ಓದುವಳು, ಪ್ಯಾಕಿಂಗಿನ ಹೆಂಗಸರೆಲ್ಲ ಕೇಳುವರು. ಪದಬಂಧ ಮಾತ್ರ ನಾನು, ಅವಳು ಇಬ್ಬರೇ. ಅವಳು ಅದರಲ್ಲಿ ಚುರುಕಿರಲಿಲ್ಲ ಎಂದು ಹೇಳಲಾರೆ. ನಾನು ಪೆನ್ಸಿಲು ಕಚ್ಚುತ್ತಿರುವಾಗ ಅವಳು ರೊಟ್ಟಿ ಮುರಿಯುತ್ತಲೇ ಉತ್ತರ ಹೇಳಿಬಿಡುತ್ತಿದ್ದಳು. ಈ ಒಂದು ಸಂಗತಿಯನ್ನು ನಾನು ಆಮೇಲೆ ಹೇಗೆ ಮರೆತೆ ಎಂಬುದೇ ಈ ಬರಹದ ದುಃಖ.

ಎರಡು ವರ್ಷದ ಮೇಲೆ ಅವಳ ಮದುವೆ ಗೊತ್ತಾಯಿತು. ಅವರ ಕಡೆಯೇ, ಬಾದಾಮಿಯಾಚೆ ಒಂದು ಹಳ್ಳಿ. ಹೊರಡುವ ಹಿಂದಿನ ದಿನ ಮೂಲೆ ರೂಮಿನ ಹೊಸ್ತಿಲ ಮೇಲೆ ಕೂತು, "ಅಕ್ಕಾ, ಕಾಗದ ಬರೀಬ್ಯಾಡ್ರಿ. ಆ ಮನ್ಯಾಗ ಯಾರ ಕಾಗದ ಬಂದ್ರೂ ಮೊದಲ ನಮ್ಮ ಮಾವ ಒಡದ ಓದ್ತಾನಂತ. ಪುಸ್ತಕ ಕಳಸ್ರಿ. ಧಾರಾವಾಯಿ ಅರ್ಧಕ್ಕ ನಿಂತೈತಿ," ಅಂದಳು.

"ಓದಿ ವಾಪಸ್ ಕಳಿಸ್ತೀಯಾ? ನಾನು ಹೊಲಿಸ್ಬೇಕು."

"ಕಳಸ್ತೀನಿ." ಆಮೇಲೆ ಕೇಳಿದಳು. "ಪದಬಂಧ ತುಂಬಿ ಕಳಿಸಬೌದಾ? ಅದೂ ಸ್ವಂತ ಮಾತ ಆಗ್ತೈತೇನು?"

ನೋಡಿ, ಅವಳು ನನ್ನನ್ನೇ ಕೇಳಿದ್ದಳು. ನಾನು ಅದನ್ನು ಕಾನೂನಿನ ಪ್ರಶ್ನೆ ಎಂದು ತಿಳಿದೆ. ಮಾರನೆಯ ದಿನ ಕಂಪನಿಯ ಅಂಚೆ ಹೊತ್ತುಕೊಂಡು ಹೋದಾಗ ಪೋಸ್ಟ್ ಮಾಸ್ಟರ್ ಶ್ರೀನಿವಾಸಯ್ಯನವರ ಮುಂದೆ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ, "ಪದಬಂಧ ತುಂಬಿದ್ರೆ ಲೆಟರ್ ಆಗ್ಬಿಡುತ್ತೇನಮ್ಮಾ? ತುಂಬ್ಕೊಳ್ಳಿ ಬಿಡಿ. ನಾನೂ ತುಂಬ್ತೀನಿ, ಅದೂ ಡ್ಯೂಟಿ ಟೈಮಲ್ಲೇ," ಎಂದು ನಕ್ಕರು. ಅವರಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಅಚ್ಚಾದ ಶುಭಾಶಯದ ಕಾರ್ಡಿನ ಮೇಲೆ ಐದು ಪದ ಮೀರದಂತೆ ಕೈಯಲ್ಲಿ ಬರೆಯಬಹುದಂತೆ, ಅದಕ್ಕೂ ಕಡಿಮೆ ದರವೇ ಅಂತೆ. ನಾನು ಎರಡನ್ನೂ ರಿಜಿಸ್ಟರಿನ ರಟ್ಟಿನ ಒಳಗೆ ಬರೆದಿಟ್ಟುಕೊಂಡೆ. ಬಸ್ಸು ಹತ್ತುವ ಮುಂಚೆ ನೀಲವ್ವನಿಗೆ, "ತುಂಬಬಹುದಂತೆ ಕಣೇ," ಎಂದು ಹೇಳಿ, ವಾಪಸು ಕಳಿಸಲು ಬೇಕಾಗುತ್ತದೆಂದು ಅಂಚೆಚೀಟಿಯ ಒಂದಿಡೀ ಹಾಳೆ ಕೊಟ್ಟೆ. ಅವಳು ಅದನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಳು.

ಆಮೇಲೆ ಪ್ರತಿ ತಿಂಗಳೂ ನಾಲ್ಕು ಸಂಚಿಕೆಗಳ ಒಂದು ಕಟ್ಟು ಹೋಗುತ್ತಿತ್ತು. ಎರಡೂ ತುದಿ ತೆರೆದು, ಅಡ್ಡ ದಾರ ಕಟ್ಟಿ, ಮೇಲೆ ದಪ್ಪಕ್ಷರದಲ್ಲಿ ಬುಕ್ ಪೋಸ್ಟ್ ಎಂದು ಬರೆದು. ಒಳಗೆ "ಹೇಗಿದ್ದೀಯಾ" ಎಂಬ ಒಂದು ಮಾತನ್ನೂ ಬರೆದವಳಲ್ಲ ನಾನು. ಬರೆಯಬೇಕೆನಿಸುತ್ತಿತ್ತು. ಬಸ್ಸಿನ ಪಕ್ಕದ ಸೀಟಿಗೆ ಚೀಲ ಇಡುವ ಕೈ ಎಷ್ಟೋ ದಿನ ನಿಂತಿರಲಿಲ್ಲ, ಯಾರಾದರೂ "ಯಾರಿಗೆ ಮೇಡಂ?" ಎಂದು ಕೇಳಿದಾಗ ತೆಗೆಯುತ್ತಿದ್ದೆ. ಆದರೆ ಕಾನೂನು ಕಾನೂನೇ. ಹೊಸ ವರ್ಷಕ್ಕೆ ಮಾತ್ರ ಕಂಪನಿಯ ಕಾರ್ಡೊಂದರ ಮೇಲೆ ನನ್ನ ಹಕ್ಕಿನ ಐದು ಪದಗಳನ್ನು ಬರೆದೆ: "ಹೊಸ ವರ್ಷದ ಶುಭಾಶಯಗಳು, ಇಂತಿ ರತ್ನಮ್ಮ." ಎಣಿಸಿ ನೋಡಿ, ಸರಿಯಾಗಿ ಐದು.

ಕಟ್ಟುಗಳು ತಿಂಗಳೊಪ್ಪತ್ತಿನಲ್ಲಿ ವಾಪಸು ಬರುತ್ತಿದ್ದವು. ಮೊದಲು ಪದಬಂಧ ಬಿಡಿಸಿ ನೋಡುತ್ತಿದ್ದೆ. ನೋಡಿ ನಗು ಬರುತ್ತಿತ್ತು. ಎಡದಿಂದ ಬಲಕ್ಕೆ ಮಾತ್ರ ತುಂಬಿರುತ್ತಿದ್ದಳು, ಅದೂ ಬಾಯಿಗೆ ಬಂದದ್ದು. ಮೇಲಿನಿಂದ ಕೆಳಕ್ಕೆ ಓದಿದರೆ ಒಂದೂ ಪದವಾಗುತ್ತಿರಲಿಲ್ಲ. ಸೂರ್ಯನಿಗೆ "ಎಮ್ಮಿ" ಎಂದು ಬರೆದಿದ್ದಳು ಒಮ್ಮೆ. ಮನೆಗೆಲಸದಲ್ಲಿ ಬುದ್ಧಿ ಮಂಕಾಗಿದೆ ಪಾಪ, ಎಂದುಕೊಂಡೆ. ಮನಸ್ಸಿಟ್ಟು ಮಾಡುವುದನ್ನು ಬಿಟ್ಟಿದ್ದಾಳೆ ಎಂದು ಸ್ವಲ್ಪ ಸಿಟ್ಟೂ ಬಂತು. ಕಂಪನಿಯ ಕೆಂಪು ಪೆನ್ನು ತೆಗೆದುಕೊಂಡು ಒಂದೊಂದೇ ತಿದ್ದಿ, ಕೆಳಗೆ ಅಂಕ ಹಾಕುವುದು ನನಗೆ ಒಂದು ಆಟವಾಯಿತು. ತಿದ್ದಿ, ಧಾರಾವಾಹಿಯ ಪುಟ ಹರಿದುಕೊಂಡು, ಉಳಿದದ್ದನ್ನು ರದ್ದಿಗೆ ಹಾಕುತ್ತಿದ್ದೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಆ ಹೊತ್ತಿಗೆ ನೀಲವ್ವನ ಅಣ್ಣ ಬೇರೆ ಕಡೆ ಕಟ್ಟಡದ ಕೆಲಸ ಸಿಕ್ಕಿ ರೂಮು ಬಿಟ್ಟುಹೋಗಿದ್ದ. ಮೂಲೆ ರೂಮು ಮೂರು ತಿಂಗಳಿಂದ ಹಾಗೇ ಇತ್ತು. ಅಪ್ಪ ಸಂಜೆ ಜಗಲಿಯಲ್ಲಿ ಕೂತು, "ಮೂಲೆ ರೂಮು ಸುಮ್ನೆ ಬಿದ್ದೈತೆ ಕಣಮ್ಮಿ. ನಿಮ್ ಪ್ಯಾಕ್ಟ್ರಿ ಕಡೆ ಯಾರಾನ ಒಳ್ಳೆ ಎಣ್ಮಕ್ಳಿದ್ರೆ ಯೋಳು," ಎಂದದ್ದು ನನಗೆ ನೆನಪಿದೆ. ನಾನು ಒಳಗೆ ಪದಬಂಧ ತಿದ್ದುತ್ತಿದ್ದೆ. "ಯಾರೂ ಇಲ್ಲಪ್ಪ," ಅಂದೆ.

ಆ ಸಲದ ಪದಬಂಧವಂತೂ ಅತಿಯಾಯಿತು. ಕುದುರೆಗೆ, ಗಣೇಶನಿಗೆಲ್ಲ ಅರ್ಥವಿಲ್ಲದ ಉತ್ತರ. ತಾವರೆಗೆ ನನ್ನ ಹೆಸರನ್ನೇ ಬರೆದಿದ್ದಳು. ಪ್ರೀತಿಗೆ ಬರೆದಿದ್ದಾಳೆ ಎಂದು ನಾನು ಉಬ್ಬಿದೆ, ಆದರೂ ಹೊಡೆದು ಹಾಕಿದೆ. ಕಲಿಯಲಿ ಎಂದು ಆ ಹಾಳೆಯನ್ನು ಕತ್ತರಿಸಿ, ಹದಿನೆಂಟಕ್ಕೆ ಸೊನ್ನೆ ಅಂಕ ಕೊಟ್ಟು, ಮುಂದಿನ ಕಟ್ಟಿನ ಜೊತೆ ಸೇರಿಸಿದೆ. ತಿದ್ದಿದ ಪದಬಂಧ ಸ್ವಂತ ಮಾತಾಗುವುದೇ ಎಂದು ಒಂದು ಗಳಿಗೆ ಯೋಚಿಸಿದ್ದೂ ಉಂಟು. ಆಗುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಆ ಕಟ್ಟು ಎರಡು ತಿಂಗಳ ಮೇಲೆ ವಾಪಸು ಬಂತು. ನಾಲ್ಕೂ ಪದಬಂಧ ಖಾಲಿ. ನಾನು ಕಳಿಸಿದ ಕೆಂಪು ಹಾಳೆಯೂ ಮಡಚಿದಂತೆಯೇ ಒಳಗಿತ್ತು, ಅವಳು ಯಾವುದನ್ನೂ ಇಟ್ಟುಕೊಂಡವಳಲ್ಲ. ಆಮೇಲೆ ನಾನು ಕಳಿಸಿದ ಎರಡು ಕಟ್ಟು ಬರಲೇ ಇಲ್ಲ. ಅಂಚೆಚೀಟಿಯ ಹಾಳೆ ಮುಗಿದಿರಬೇಕು ಎಂದುಕೊಂಡೆ. ಬಸುರಿಯೋ ಬಾಣಂತಿಯೋ ಇರಬೇಕು ಎಂದುಕೊಂಡೆ. ಧಾರಾವಾಹಿಯ ನಡುವೆ ಎಂಟು ಕಂತು ತಪ್ಪಿಹೋದದ್ದಕ್ಕೆ ಬೇಸರವೂ ಆಯಿತು. ನನಗೂ ಮದುವೆಯಾಯಿತು, ಅತ್ತಿಬೆಲೆಗೆ ಬಂದೆ. ಅಪ್ಪನ ಮನೆಯಿಂದ ತಂದ ಟ್ರಂಕಿನಲ್ಲಿ ಹೊಲಿಸಿದ ಧಾರಾವಾಹಿ ಇತ್ತು, ಗೂಡುಗಳಿಗೆ ಹಾಸುವುದಕ್ಕೆ ಒಂದಿಷ್ಟು ಹಳೇ ಹಾಳೆ ಇದ್ದವು.

ಏಳು ವರ್ಷ ಕಳೆದವು. ಹೊಸೂರು ರಸ್ತೆಯ ನೆತ್ತಿಯ ಮೇಲೆ ಇನ್ನೊಂದು ರಸ್ತೆ ಬಂತು. ಎಲ್ಲರ ಕೈಗೂ ಫೋನು ಬಂತು. ಒಂದು ಯುಗಾದಿಯ ಹಿಂದಿನ ದಿನ ಅಡುಗೆಮನೆಯ ಗೂಡು ತೊಳೆಯಲೆಂದು ತಕ್ಕಡಿ ಇಳಿಸಿದೆ. ಅದರ ಕೆಳಗೆ ಹಾಸಿದ್ದ ಹಾಳೆಯ ಮೇಲೆ ತಕ್ಕಡಿಯ ಕಾಲಿನ ನಾಲ್ಕು ತುಕ್ಕಿನ ಗುರುತು, ನಡುವೆ ನನ್ನ ಕೆಂಪು ಶಾಯಿ. ಸುಳಿವುಗಳಿದ್ದ ಕೆಳಗಿನ ಅರ್ಧವನ್ನು ಗೂಡಿನ ಅಳತೆಗೆಂದು ಎಂದೋ ಕತ್ತರಿಸಿದ್ದೆ. ಉಳಿದದ್ದು ಚೌಕಗಳು ಮಾತ್ರ. ಸುಳಿವಿಲ್ಲದ ಪದಬಂಧದಲ್ಲಿ ತಿದ್ದುವುದಕ್ಕೆ ಏನೂ ಇರುವುದಿಲ್ಲ, ಓದುವುದೊಂದೇ ದಾರಿ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಓದಿದೆ.

ರತ್ನಕ್ಕ. ರೂಮು. ಖಾಲಿ. ಐತೇನ. ಬರತೀನಿ.

ಪ್ರತಿ ಪದದ ಮೇಲೂ ನನ್ನ ಕೆಂಪು ಗೆರೆ. ಪಕ್ಕದಲ್ಲಿ ನನ್ನ ಮುದ್ದಾದ ಅಕ್ಷರದಲ್ಲಿ ಕಮಲ, ಶಶಿ, ಹಯ, ಅಡವಿ, ವಿನಾಯಕ. ಕೆಳಗೆ ಸೊನ್ನೆ.

ಟ್ರಂಕು ತೆಗೆದೆ. ಹೊಲಿಸಿದ ಧಾರಾವಾಹಿಯಲ್ಲಿ ಕೆಲವು ವಾರಗಳ ಕೊನೆಯ ಪುಟದ ಹಿಂಬದಿಗೇ ಪದಬಂಧ ಅಚ್ಚಾಗಿತ್ತು. ಕತೆ ಬೇಕೆಂದು ಹರಿದಿಟ್ಟುಕೊಂಡ ನಾನು ಅದನ್ನೂ ಜೊತೆಗೆ ಹೊಲಿಸಿಬಿಟ್ಟಿದ್ದೆ. ಹಬ್ಬದ ಕೆಲಸವೆಲ್ಲ ಬಿಟ್ಟು ನೆಲದ ಮೇಲೆ ಕೂತು, ಕತೆಯನ್ನು ಬಿಟ್ಟು ಹಿಂಬದಿಯನ್ನು ಮಾತ್ರ ಓದುತ್ತಾ ಹೋದೆ. ಮೊದಮೊದಲು ಖುಷಿಯವು. "ಎಮ್ಮಿ, ಕರ, ಹಾಕೇತಿ." "ಮಾವನ, ಡಬ್ಬಿಗೆ, ಹಾಕತಾನ, ನಗು, ಬರತೈತಿ." ಆ ಮಾವ ಕಟ್ಟಿನ ಎರಡೂ ತುದಿಯಿಂದ ಇಣುಕಿ ನೋಡಿ, ಬರೀ ಪುಸ್ತಕ ಎಂದು ತಾನೇ ನಡೆದುಹೋಗಿ ಸೊಸೆಯ ಕಾಗದವನ್ನು ಅಂಚೆಗೆ ಹಾಕಿಬರುತ್ತಿದ್ದ. ನನಗೂ ನಗು ಬಂತು. ಆಮೇಲಾಮೇಲೆ ನಗುವಂಥವು ಇರಲಿಲ್ಲ. "ಪೋನು, ಕೊಡಂಗಿಲ್ಲ." "ಅಣ್ಣ, ಬರಲಿಲ್ಲ." "ಕೈಗೆ, ಕೆಲಸ, ಬೇಕು." "ನೀವು, ಯಾಕ, ಬರಿಯಂಗಿಲ್ಲ." ಈ ಕೊನೆಯದಕ್ಕೆ ನಾನು ಹದಿನೆಂಟಕ್ಕೆ ಒಂದು ಅಂಕ ಕೊಟ್ಟಿದ್ದೆ. ಯಾವುದೋ ಸುಳಿವಿಗೆ "ನೀವು" ಎಂಬುದೇ ಸರಿಯುತ್ತರವಾಗಿತ್ತು.

ಅಂಚೆಯ ದರಗಳನ್ನು ಬಲ್ಲವಳು ನಾನು. ಎಷ್ಟು ಅಗ್ಗವಾಗಿ ಉತ್ತರ ಕೊಡಬಹುದಾಗಿತ್ತು ಎಂದು ಲೆಕ್ಕ ಹಾಕಿದೆ. ಆ ಹೊಸ ವರ್ಷದ ಕಾರ್ಡನ್ನು ಮಾವನ ಕಣ್ಣಿಗೆ ಬೀಳದಂತೆ ಪುಟಗಳ ನಡುವೆ ಇಟ್ಟಿದ್ದರೆ ಸಾಕಿತ್ತು. "ರೂಮು ಖಾಲಿ ಇದೆ, ಬಾ ನೀಲವ್ವ." ಐದೇ ಪದ. ಕಾನೂನನ್ನು ಕೂದಲೆಳೆಯಷ್ಟೂ ಮೀರದೆ, ಕಡಿಮೆ ದರದಲ್ಲೇ ಹೋಗುತ್ತಿತ್ತು. ಅಂದು ಕೂತಲ್ಲೇ ಅತ್ತುಬಿಟ್ಟೆ. ಒಬ್ಬಟ್ಟಿಗೆ ನೆನೆಹಾಕಿದ ಬೇಳೆ ನೆನೆದೇ ಇತ್ತು, ಯಾರು ತೀರಿಹೋದರು ಎಂದು ಮನೆಯವರು ಗಾಬರಿಯಾಗಿ ಕೇಳಿದರು.

ನೀವೇ ಹೋಗಿ ನೋಡಿ ಬರಬಾರದಿತ್ತೇ ಎಂದು ಕೇಳುತ್ತೀರಿ. ಬಸ್ಸಿನ ಟಿಕೇಟನ್ನೂ ತೆಗೆಸಿ ರದ್ದು ಮಾಡಿಸಿದೆ. ಅವಳ ಬಾಗಿಲಲ್ಲಿ ನಿಂತು ಯಾವ ಮಾತಿನಿಂದ ಶುರುಮಾಡುವುದು, ಅದೂ ಆ ಮಾವನೆದುರು, ತಿಳಿಯಲಿಲ್ಲ. ನನಗೆ ಗೊತ್ತಿದ್ದ ದಾರಿ ಒಂದೇ. ಅದೇ ವಾರಪತ್ರಿಕೆಯ ಎರಡು ಸಂಚಿಕೆ ಕೊಂಡೆ. ಒಂದರ ಪದಬಂಧವನ್ನು ಎಡದಿಂದ ಬಲಕ್ಕೆ ಮಾತ್ರ ತುಂಬಿದೆ: ನೀಲವ್ವ, ತಪ್ಪು, ನನ್ನದು, ರೂಮು, ಇದೆ. ನಾಲ್ಕು ಚೌಕದ ಜಾಗಕ್ಕೆ ಮೂರಕ್ಷರದ ಮಾತು ಕೂರಿಸಿ, ಕಡೆಗೆ ಒಂದು ಚೌಕ ಖಾಲಿ ಬಿಡುವಾಗ, ಅವಳು ಇಂಥ ಎಷ್ಟನ್ನು ಕೂತು ಹೊಂದಿಸಿರಬೇಕು ಎಂದು ಗೊತ್ತಾಯಿತು. ಇನ್ನೊಂದರ ಪದಬಂಧವನ್ನು ಅವಳಿಗೆಂದು ಖಾಲಿ ಬಿಟ್ಟೆ.

ಶ್ರೀನಿವಾಸಯ್ಯನವರು ನಿವೃತ್ತರಾಗಿದ್ದರು. ಅತ್ತಿಬೆಲೆಯ ಕೌಂಟರಿನಲ್ಲಿದ್ದ ಹುಡುಗಿ ಕಟ್ಟನ್ನು ತೂಗಿ, ತುದಿಯಿಂದ ಇಣುಕಿ, "ಒಳಗಡೆ ಲೆಟರ್ ಗಿಟರ್ ಏನಾದ್ರೂ ಇದ್ಯಾ ಮೇಡಂ?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ಹದಿನಾಲ್ಕು ವರ್ಷ ಎಲ್ಲರನ್ನೂ ಕೇಳಿದವಳು ನಾನು. "ಇಲ್ಲಮ್ಮ, ಬರೀ ಪುಸ್ತಕ," ಅಂದೆ. ಅವಳು ಠಸ್ಸೆ ಒತ್ತಿದಳು.

ಅಪ್ಪನಿಗೆ ಫೋನು ಮಾಡಿ, ಮೂಲೆ ರೂಮಿನವರು ಈಚೆಗೆ ಬಿಟ್ಟುಹೋದರಲ್ಲ, ಆ ಜಾಗಕ್ಕೆ ಯಾರನ್ನೂ ಸೇರಿಸಬೇಡಿ, ಬಾಡಿಗೆ ನಾನು ಕೊಡುತ್ತೇನೆ ಎಂದೆ. "ಯಾರ್ ಬತ್ತಾರಮ್ಮಿ?" ಎಂದು ಕೇಳಿದರು. "ನೀಲವ್ವ," ಅಂದೆ. ಅಪ್ಪ "ಆ ಎರಡು ನತ್ತಿನ ಉಡ್ಗೀನಾ? ಬರ್ಲಿ ಬಿಡು, ನೀನೇನ್ ಬಾಡ್ಗೆ ಕೊಡೋದು," ಅಂದರು. ಮುಂದಿನ ಭಾನುವಾರ ಹೋಗಿ ಬೀಗದ ಕೈ ತೆಗೆದುಕೊಂಡು ಬಂದೆ. ಆ ಕೈ ಈಗ ತಕ್ಕಡಿಯ ತಟ್ಟೆಯಲ್ಲೇ ಇದೆ. ಮುಳ್ಳು ಉಗುರುಬಣ್ಣದ ಚುಕ್ಕೆಗೆ ಸ್ವಲ್ಪ ಹಿಂದೆ ನಿಲ್ಲುತ್ತದೆ. ಲಕೋಟೆಯಲ್ಲಿ ಐದು ರೂಪಾಯಿಗೆ ಹೋಗುವಷ್ಟು ಹಗುರ, ಆದರೆ ಆ ಮನೆಯಲ್ಲಿ ಲಕೋಟೆ ಒಡೆಯುವವರು ಬೇರೆ.

ಎರಡು ತಿಂಗಳಿಗೆ ಕಟ್ಟು ವಾಪಸು ಬಂತು. ವಿಳಾಸ ಅವಳ ಅಕ್ಷರದಲ್ಲೇ ಇತ್ತು. ಹೊಸ್ತಿಲಲ್ಲೇ ಕೂತು ದಾರ ಬಿಚ್ಚಿದೆ. ನಾನು ತುಂಬಿದ್ದ ಪದಬಂಧದ ಹಾಳೆ ಸಂಚಿಕೆಯಲ್ಲಿರಲಿಲ್ಲ. ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆಗೆದಿತ್ತು. ಯಾವುದನ್ನೂ ಇಟ್ಟುಕೊಳ್ಳದ ನೀಲವ್ವ ಅದೊಂದನ್ನು ಇಟ್ಟುಕೊಂಡಿದ್ದಳು. ನನ್ನ ಮೈಯೆಲ್ಲ ಹಗುರಾಯಿತು. ಇನ್ನೊಂದು ಸಂಚಿಕೆ ಬಿಡಿಸಿದೆ. ಪದಬಂಧ ಪೂರ್ತಿ ತುಂಬಿತ್ತು.

ಸುಳಿವುಗಳ ಮೇಲೆ ಕೈ ಅಡ್ಡ ಇಟ್ಟುಕೊಂಡು ಓದಿದೆ. ಚಂದನ, ಕಡಲು, ಗಿಳಿ, ಸಾರಥಿ. ಏನೂ ಅರ್ಥವಾಗಲಿಲ್ಲ. ಕೈ ತೆಗೆದೆ. ಗಂಧ, ಸಮುದ್ರ, ಶುಕ, ರಥ ನಡೆಸುವವನು. ಎಡದಿಂದ ಬಲಕ್ಕೂ ಸರಿ, ಮೇಲಿನಿಂದ ಕೆಳಕ್ಕೂ ಸರಿ. ರೊಟ್ಟಿ ಮುರಿಯುತ್ತಾ ಉತ್ತರ ಹೇಳುತ್ತಿದ್ದ ಅದೇ ನೀಲವ್ವ. ಎರಡು ಸಲ ಹುಡುಕಿದೆ, ಒಂದೂ ತಪ್ಪಿಲ್ಲ. ಈಗ ಹೇಳಿಕೊಳ್ಳುವಂಥ ಕಷ್ಟ ಅವಳಿಗೆ ಇಲ್ಲವೋ, ಅಥವಾ ನನ್ನ ಹತ್ತಿರ ಹೇಳಿಕೊಳ್ಳುವುದು ಬೇಡವೆಂದು ತೀರ್ಮಾನಿಸಿದ್ದಾಳೋ ನನಗೆ ತಿಳಿಯದು. ಮೊದಲನೆಯದೇ ಆಗಿರಲಿ ಎಂದು ದೇವರಿಗೆ ಕೈಮುಗಿಯುತ್ತೇನೆ. ಕೈಮುಗಿಯುವಾಗಲೂ ಎರಡನೆಯದರ ಭಯ ಹೋಗುವುದಿಲ್ಲ.

ಈಗ ಪ್ರತಿ ತಿಂಗಳೂ ಎರಡು ಸಂಚಿಕೆ ಹೋಗುತ್ತವೆ. ಒಂದರಲ್ಲಿ ನನ್ನ ಮಾತು, ಇನ್ನೊಂದು ಖಾಲಿ. ನನ್ನದನ್ನು ಅವಳು ಕತ್ತರಿಸಿ ಇಟ್ಟುಕೊಳ್ಳುತ್ತಾಳೆ, ಖಾಲಿಯದನ್ನು ತುಂಬಿ ಕಳಿಸುತ್ತಾಳೆ. ಪ್ರತಿ ಸಲವೂ ಹದಿನೆಂಟಕ್ಕೆ ಹದಿನೆಂಟು. ಅಪ್ಪ ಆಗಾಗ, "ಏನಮ್ಮಿ, ಬತ್ತಾಳಾ ಇಲ್ವಾ?" ಎಂದು ಕೇಳುತ್ತಾರೆ. ಇನ್ನೊಂದು ತಿಂಗಳು ನೋಡೋಣಪ್ಪ ಎನ್ನುತ್ತೇನೆ. ಕೆಂಪು ಪೆನ್ನನ್ನು ಎಸೆದುಬಿಟ್ಟಿದ್ದೇನೆ. ನಿನ್ನೆ ಬಂದ ಕಟ್ಟು ಇನ್ನೂ ಬಿಚ್ಚದೆ ತಕ್ಕಡಿಯ ಪಕ್ಕದಲ್ಲಿದೆ. ಈ ಸಲವಾದರೂ ನೀಲವ್ವ ಒಂದೇ ಒಂದು ಉತ್ತರ ತಪ್ಪು ಬರೆದಿರಲಿ.